ಸ್ವಂತ ಟ್ರಾನ್ಸ್‌ಫಾರ್ಮರ್: ಕೆವಿಎ ಲೆಕ್ಕಕ್ಕಿಂತ ಮೊದಲು ಮುರಕಲ್ಲಿನ ಲೆಕ್ಕ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಉಪ್ಪಳ ಕೈಕಂಬದಿಂದ ಬಾಯಾರಿಗೆ ಹೋಗುವ ದಾರಿಯಲ್ಲಿ ತಂದೆಯವರ ಜಾಗದಲ್ಲಿ ಒಂದು ಕಟ್ಟಡ ಕಟ್ಟಿಸುತ್ತಿದ್ದೇವೆ. ಗುಡ್ಡ ಕಡಿದು ನೆಲದಡಿಯಲ್ಲಿ ಪಾರ್ಕಿಂಗ್, ಅದರ ಮೇಲಿನ ಎರಡು ಅಂತಸ್ತಿನಲ್ಲಿ 24 ಅಂಗಡಿಗಳು, ಮೂರನೆಯದರಲ್ಲಿ ಕ್ಲಿನಿಕ್ ಮತ್ತು ಲ್ಯಾಬ್, ತುದಿಯಲ್ಲಿ ಏಸಿ ಇರುವ ಮದುವೆ ಹಾಲ್. ಫೌಂಡೇಶನ್ ಕೆಲಸ ಇನ್ನಷ್ಟೇ ಶುರುವಾಗಬೇಕು. ಒಬ್ಬ ಕಾಂಟ್ರಾಕ್ಟರ್ 500 ಕೆವಿಎಯ (ಹೊರಬಲ್ಲ ಲೋಡಿನ ಅಳತೆ) ಆಯಿಲ್ ಟ್ರಾನ್ಸ್‌ಫಾರ್ಮರನ್ನು ಪಾರ್ಕಿಂಗ್‌ನ ಮೂಲೆಯಲ್ಲಿ ಇಡೋಣ, ನಾಲ್ಕು ಅರ್ತ್ ಗುಂಡಿ ಸಾಕು ಎನ್ನುತ್ತಾರೆ. ಇನ್ನೊಬ್ಬರು 315 ಸಾಕು, ಹೊರಗೆ ಇಡಿ ಎನ್ನುತ್ತಾರೆ. ದುಬೈಯಲ್ಲಿರುವ ತಮ್ಮ ಎಣ್ಣೆಯಿಲ್ಲದ ಡ್ರೈ ಟೈಪ್ ಹಾಕಿಸಲು ಹಟ ಹಿಡಿದಿದ್ದಾನೆ. ತಂದೆಯವರ ಚಿಂತೆ ಬೇರೆ, ಹಿಂದಿನ ಅಡಿಕೆ ತೋಟದ ಮೇಲೆ ಹಾದುಹೋಗುವ 11 ಕೆವಿ (11,000 ವೋಲ್ಟಿನ) ಲೈನ್. ನಾವು ಯಾರ ಮಾತು ಕೇಳಬೇಕು?

ಉತ್ತರ: ನಾಲ್ವರ ಮಾತಿನಲ್ಲಿ ತಂದೆಯವರದ್ದೇ ಹೆಚ್ಚು ತೂಕದ್ದು. ಅದನ್ನು ಕೊನೆಗೆ ಹೇಳುತ್ತೇನೆ. ಉಳಿದ ಮೂವರೂ ಟ್ರಾನ್ಸ್‌ಫಾರ್ಮರ್ ಬಗ್ಗೆ ಜಗಳ ಮಾಡುತ್ತಿದ್ದಾರೆ, ನೆಲದ ಬಗ್ಗೆ ಯಾರೂ ಮಾತೆತ್ತಿಲ್ಲ. ಫೌಂಡೇಶನ್ ಹಾಕುವ ಮೊದಲೇ ಕೇಳಿದ್ದು ನಿಮ್ಮ ಪುಣ್ಯ. ಕಾಂಕ್ರೀಟ್ ಬಿದ್ದ ಮೇಲೆ ಕೇಳುವವರಿಗೆ ನನ್ನಲ್ಲಿ ಅರ್ಧ ಉತ್ತರ ಮಾತ್ರ ಇರುತ್ತದೆ.

ಮೊದಲು ಒಂದು ಸಂಗತಿ ಕಾಗದದಲ್ಲಿ ಇತ್ಯರ್ಥ ಮಾಡಿಕೊಳ್ಳಿ: ಮೀಟರ್ ಯಾರ ಹೆಸರಿನಲ್ಲಿ? ಕೇರಳದ 2014ರ ವಿದ್ಯುತ್ ಪೂರೈಕೆ ಸಂಹಿತೆಯ ಪ್ರಕಾರ ಸಾಮಾನ್ಯವಾಗಿ 100 ಕೆವಿಎ ದಾಟಿದ ಬೇಡಿಕೆಗೆ ಎಲ್‌ಟಿ (ಮನೆಗೆ ಬರುವಂಥ ಕಡಿಮೆ ವೋಲ್ಟೇಜಿನ) ಸಂಪರ್ಕ ಇಲ್ಲ, 11 ಕೆವಿಯಲ್ಲಿ ತೆಗೆದುಕೊಂಡು ನಾವೇ ಇಳಿಸಿಕೊಳ್ಳಬೇಕು. ಇಡೀ ಕಟ್ಟಡಕ್ಕೆ ಒಂದೇ ಎಚ್‌ಟಿ (11 ಕೆವಿ ಕಡೆಯ) ಮೀಟರ್ ತೆಗೆದುಕೊಂಡು ಅಂಗಡಿಗಳಿಗೆ ಸಬ್‌ಮೀಟರ್ ಇಡುವುದು ಒಂದು ದಾರಿ. ಟ್ರಾನ್ಸ್‌ಫಾರ್ಮರ್ ನೀವು ಹಾಕಿಸಿ, ಒಬ್ಬೊಬ್ಬ ಬಾಡಿಗೆದಾರನಿಗೂ ಕೆಎಸ್‌ಇಬಿಯ (ಕೇರಳ ವಿದ್ಯುತ್ ಮಂಡಳಿ) ಬೇರೆ ಬೇರೆ ಎಲ್‌ಟಿ ಮೀಟರ್ ಬರುವುದು ಇನ್ನೊಂದು. ಮೊದಲನೆಯದರಲ್ಲಿ ಕರೆಂಟಿನ ಮೇಲೆ ಲಾಭ ಇಟ್ಟು ಮಾರುವಂತಿಲ್ಲ, 2003ರ ವಿದ್ಯುತ್ ಕಾಯಿದೆಯಂತೆ ಪರವಾನಗಿ ಇಲ್ಲದೆ ವಿದ್ಯುತ್ ವ್ಯಾಪಾರ ಕೂಡದು. ಸೆಕ್ಷನ್ ಆಫೀಸಿಗೆ ಹೋಗಿ ಯಾವ ದಾರಿ ಎಂದು ಲಿಖಿತವಾಗಿ ತಿಳಿದುಕೊಳ್ಳಿ. ಪ್ಯಾನೆಲ್ ರೂಮಿನ ಗಾತ್ರದಿಂದ ಹಿಡಿದು ಎಲ್ಲವೂ ಅದರ ಮೇಲೆ ನಿಂತಿದೆ. ಒಂದೇ ಎಚ್‌ಟಿ ಮೀಟರ್ ಎಂದುಕೊಂಡು ಮುಂದಿನದನ್ನು ಬರೆಯುತ್ತೇನೆ.

500 ಎಲ್ಲಿಂದ ಬಂತು ಎಂದು ನೀವು ಕಳುಹಿಸಿದ ಲೋಡಿನ ಪಟ್ಟಿ ನೋಡಿದಾಗ ಗೊತ್ತಾಯಿತು. ಅಂಗಡಿಗೆ 5 ಕಿಲೋವ್ಯಾಟಿನಂತೆ 120, ಹಾಲ್‌ನ ಏಸಿ 70, ಅದರ ಲೈಟು, ಸೌಂಡು, ಅಡುಗೆಮನೆ ಸೇರಿ 45, ಕ್ಲಿನಿಕ್ ಮತ್ತು ಲ್ಯಾಬ್ 35, ಲಿಫ್ಟ್ 15, ನೀರಿನ ಪಂಪು 12, ಬೆಂಕಿ ಪಂಪು 30, ಕಾಮನ್ ಲೈಟು 12, ಕಾರು ಚಾರ್ಜ್ ಮಾಡುವ ಎರಡು ಪಾಯಿಂಟ್ 60. ಕೂಡಿಸಿದರೆ 399 ಕಿಲೋವ್ಯಾಟ್. ಅದನ್ನು 0.8 ಪವರ್ ಫ್ಯಾಕ್ಟರಿನಿಂದ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು) ಭಾಗಿಸಿದರೆ 499. ಕಾಂಟ್ರಾಕ್ಟರ್ ಮಾಡಿದ ಲೆಕ್ಕ ಇಷ್ಟೇ. ಊರಿನ ಅಷ್ಟೂ ಜನ ಒಂದೇ ಹೊತ್ತಿಗೆ ಊಟಕ್ಕೆ ಕೂತರೆ ಎಷ್ಟು ಎಲೆ ಬೇಕು ಎಂದು ಲೆಕ್ಕ ಹಾಕಿದ ಹಾಗೆ. ಪಂಕ್ತಿಯಲ್ಲಿ ಹಾಗೆ ಆಗುವುದಿಲ್ಲ ಎಂದು ಹಾಲ್ ನಡೆಸುವವರಿಗೆ ಬೇರೆ ಹೇಳಬೇಕೆ?

ನಾನು ಹಾಕುವ ಲೆಕ್ಕ ಹೀಗೆ. ಅಂಗಡಿಗಳ 120ರಲ್ಲಿ ಸಂಜೆ ಹೊತ್ತು ನಿಜವಾಗಿ ಎಳೆಯುವುದು 60 ಶೇಕಡಾ, ಎಂದರೆ 72. ಹಾಲ್‌ಗೆ ಮದುವೆಯ ದಿನ 115ರಲ್ಲಿ 80 ಶೇಕಡಾ, 92. ಕ್ಲಿನಿಕ್ 21, ಲಿಫ್ಟ್ 8, ಪಂಪು 6, ಕಾಮನ್ ಲೈಟು 10, ಕಾರು ಚಾರ್ಜರ್ 30. ಬೆಂಕಿ ಪಂಪು ದಿನನಿತ್ಯದ ಲೆಕ್ಕಕ್ಕೆ ಬರುವುದಿಲ್ಲ, ಅದು ಓಡಬೇಕಾದ ಹೊತ್ತಿನಲ್ಲಿ ಮದುವೆ ಮುಂದುವರಿಯುವುದಿಲ್ಲ. ಒಟ್ಟು 239. ಈ ಗುಂಪುಗಳ ಗರಿಷ್ಠ ಹೊತ್ತೂ ಒಂದೇ ಅಲ್ಲ. ಲ್ಯಾಬ್‌ಗೆ ಬೆಳಗ್ಗೆ ಗಡಿಬಿಡಿ, ಅಂಗಡಿಗೆ ಸಂಜೆ, ಹಾಲ್‌ಗೆ ಹಗಲಿನ ಮುಹೂರ್ತ ಇರಬಹುದು, ರಾತ್ರಿಯ ನಿಕಾಹ್ ಇರಬಹುದು. 1.15ರಿಂದ ಭಾಗಿಸಿದರೆ 208 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.95ಕ್ಕೆ ಇಟ್ಟುಕೊಂಡರೆ 219 ಕೆವಿಎ. ಮುಂದೆ 20 ಶೇಕಡಾ ಬೆಳೆದರೂ 263. ಆದ್ದರಿಂದ 315 ಸಾಕು ಎಂದವರು ಸರಿ. ಆಗಲೂ ಅದು 83 ಶೇಕಡಾದಲ್ಲಿ ನಿಂತಿರುತ್ತದೆ.

500 ಹಾಕಿದರೆ ಪ್ರಳಯವೇನೂ ಆಗುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಎನ್ನುವುದು ಹಟ್ಟಿಯ ದನ ಇದ್ದ ಹಾಗೆ, ಹಾಲು ಕೊಡದ ದಿನವೂ ಹುಲ್ಲು ತಿನ್ನುತ್ತದೆ. ಕಬ್ಬಿಣದ ಒಳಗಿನ ನಷ್ಟ ರಾತ್ರಿ ಹನ್ನೆರಡಕ್ಕೂ, ಹಾಲ್ ಖಾಲಿ ಬಿದ್ದಿರುವ ಆಟಿ ತಿಂಗಳಿನಲ್ಲೂ ನಡೆಯುತ್ತಲೇ ಇರುತ್ತದೆ. ದೊಡ್ಡದು ತೆಗೆದುಕೊಂಡರೆ ಆ ಹುಲ್ಲೂ ದೊಡ್ಡದು, ಅದು ನಿಮ್ಮ ಎಚ್‌ಟಿ ಮೀಟರಿನ ಈಚೆಗೆ ಬೀಳುತ್ತದೆ. ನಾನೇ ಹಿಂದೊಮ್ಮೆ ಒಂದು ಶಾಲೆಗೆ ಮುಂದಕ್ಕೆ ಇರಲಿ ಎಂದು ಎರಡು ಪಟ್ಟು ದೊಡ್ಡದನ್ನು ಬರೆದುಕೊಟ್ಟಿದ್ದೆ. ಆ ಮುಂದು ಇನ್ನೂ ಬಂದಿಲ್ಲ.

ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿದೆ. ಟ್ರಾನ್ಸ್‌ಫಾರ್ಮರಿನ ಗಾತ್ರವನ್ನೇ ಕಾಂಟ್ರಾಕ್ಟ್ ಡಿಮಾಂಡ್ (ಇಷ್ಟರವರೆಗೆ ಎಳೆಯುತ್ತೇವೆ ಎಂದು ಕೆಎಸ್‌ಇಬಿಯೊಂದಿಗೆ ಮಾಡುವ ಕರಾರು) ಎಂದು ಬರೆದುಕೊಡುವವರಿದ್ದಾರೆ. ಎರಡೂ ಬೇರೆ. ಇಲ್ಲಿ ಎಚ್‌ಟಿ ಬಿಲ್ಲಿನಲ್ಲಿ ಆ ತಿಂಗಳು ದಾಖಲಾದ ಗರಿಷ್ಠ ಬೇಡಿಕೆ ಅಥವಾ ಕಾಂಟ್ರಾಕ್ಟ್ ಡಿಮಾಂಡಿನ 75 ಶೇಕಡಾ, ಯಾವುದು ಹೆಚ್ಚೋ ಅದಕ್ಕೆ ಹಣ ಕಟ್ಟಬೇಕು. 400 ಕೆವಿಎ ಎಂದು ಬರೆದುಕೊಟ್ಟರೆ ಹಾಲ್‌ಗೆ ಬೀಗ ಹಾಕಿದ ತಿಂಗಳೂ 300ಕ್ಕೆ ಕಟ್ಟುತ್ತೀರಿ. 220 ಎಂದರೆ 165. ಸಂಜೆ 6ರಿಂದ 10ರ ಪೀಕ್ ಹೊತ್ತಿಗೆ ದರ ಬೇರೆ ಜಾಸ್ತಿ, ಕಾರು ಚಾರ್ಜರಿಗೆ ಟೈಮರ್ ಇಟ್ಟು ಆ ಹೊತ್ತು ತಪ್ಪಿಸಿ. ಪವರ್ ಫ್ಯಾಕ್ಟರಿಗೆ ಕೆಪಾಸಿಟರ್ ಪ್ಯಾನೆಲ್ ಬೇಕೇ ಬೇಕು. 208 ಕಿಲೋವ್ಯಾಟನ್ನು 0.82ರಿಂದ 0.98ಕ್ಕೆ ಏರಿಸಲು ಸುಮಾರು 103 ಕೆವಿಎಆರ್‌ನಷ್ಟು (ಕೆಪಾಸಿಟರಿನ ಅಳತೆ) ಹಿಡಿಯುತ್ತದೆ. ಎಲ್‌ಇಡಿ, ಇನ್ವರ್ಟರ್ ಏಸಿ, ಚಾರ್ಜರ್ ತುಂಬಿರುವ ಕಟ್ಟಡವಾದ್ದರಿಂದ 7 ಶೇಕಡಾದ ರಿಯಾಕ್ಟರ್ (ಕೆಪಾಸಿಟರಿನ ಜೊತೆ ಸೇರಿಸುವ ಕಾಯಿಲ್) ಸಹಿತವೇ ತೆಗೆದುಕೊಳ್ಳಿ. ಬರೀ ಕೆಪಾಸಿಟರ್ ಹಾಕಿದರೆ ಹಾರ್ಮೋನಿಕ್ಸ್ (ಇಂಥ ಸಾಮಾನುಗಳು ಕರೆಂಟಿಗೆ ಬೆರೆಸುವ ಹೆಚ್ಚು ಆವರ್ತನದ ಅಲೆಗಳು) ತಿಂದು ಅವು ಊದಿಕೊಳ್ಳುತ್ತವೆ. ಇದೇ ಕಾರಣಕ್ಕೆ ಟ್ರಾನ್ಸ್‌ಫಾರ್ಮರಿನಿಂದ ಪ್ಯಾನೆಲಿಗೆ ಬರುವ ಕೇಬಲ್ ಮೂರೂವರೆ ಕೋರ್ ಬೇಡ, ನಾಲ್ಕು ಕೋರ್ ಇರಲಿ. ಎಲ್‌ಇಡಿ ಮತ್ತು ಕಂಪ್ಯೂಟರುಗಳ ಮೂರನೇ ಹಾರ್ಮೋನಿಕ್ ಮೂರು ಫೇಸಿನಿಂದಲೂ ಬಂದು ನ್ಯೂಟ್ರಲಿನಲ್ಲಿ ಕೂಡಿಕೊಳ್ಳುತ್ತದೆ. ಅರ್ಧ ದಪ್ಪದ ನ್ಯೂಟ್ರಲ್ ಹಳೆಯ ಕಾಲದ ಟ್ಯೂಬ್‌ಲೈಟ್, ಫ್ಯಾನುಗಳ ಲೆಕ್ಕ.

ಇನ್ನು ಜಾಗ. ನೆಲದಡಿಯ ಪಾರ್ಕಿಂಗ್‌ನಲ್ಲಿ ಆಯಿಲ್ ಟ್ರಾನ್ಸ್‌ಫಾರ್ಮರ್, ಆಗಲೇ ಆಗದು. ವಾಸದ ಮತ್ತು ವಾಣಿಜ್ಯ ಕಟ್ಟಡಗಳ ಒಳಗೆ ಡ್ರೈ ಟೈಪನ್ನೇ ಇಡಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುತ್ತದೆ, ಇಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟಿನಲ್ಲಿ ಆ ರೇಖಾಚಿತ್ರಕ್ಕೆ ಒಪ್ಪಿಗೆ ಸಿಗಲಾರದು. ಹಾಗಾದರೆ ತಮ್ಮನ ಮಾತಿನಂತೆ ಅಲ್ಲಿಯೇ ಡ್ರೈ ಟೈಪ್ ಇಡೋಣವೇ? ನಿಯಮಕ್ಕೆ ಅಡ್ಡಿಯಿಲ್ಲದಿರಬಹುದು, ನನ್ನ ಮನಸ್ಸು ಒಪ್ಪುವುದಿಲ್ಲ. ದುಬೈಯ ಬೇಸ್‌ಮೆಂಟ್ ಬೇರೆ, ಬಾಯಾರು ದಾರಿಯ ಬೇಸ್‌ಮೆಂಟ್ ಬೇರೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಕಡಿದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಗೋಡೆ ಜುಲೈ ತಿಂಗಳಿನಲ್ಲಿ ಹೇಗೆ ಒಸರುತ್ತದೆ ಎಂದು ನಿಮಗೆ ಗೊತ್ತು. ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ಒಸರಿನ ನೀರನ್ನೇ ಕುಡಿದು ಬದುಕಿದ ಊರಿನವರು ನಾವು. ನೀವು ಈಗ ತೋಡುತ್ತಿರುವ ಪಾರ್ಕಿಂಗೂ ಒಂದು ದೊಡ್ಡ ಸುರಂಗವೇ. ಅಲ್ಲಿಯ ನೀರನ್ನು ಹೊರಹಾಕುವ ಪಂಪಿಗೆ ಕರೆಂಟ್ ಬರುವುದು ಅದೇ ಟ್ರಾನ್ಸ್‌ಫಾರ್ಮರಿನಿಂದ. ನೀರು ಏರಿ ಟ್ರಾನ್ಸ್‌ಫಾರ್ಮರ್ ನಿಂತರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ನೀರು ಇನ್ನೂ ಏರುತ್ತದೆ. ಡ್ರೈ ಟೈಪಿಗೆ ಇನ್ನೊಂದು ಸ್ವಭಾವ ಇದೆ. ಚಾಲೂ ಇರುವಷ್ಟು ಹೊತ್ತು ತನ್ನ ಬಿಸಿಯಲ್ಲೇ ಒಣಗಿಕೊಂಡಿರುತ್ತದೆ, ಮಳೆಗಾಲದಲ್ಲಿ ಎರಡು ದಿನ ಆಫ್ ಬಿದ್ದರೆ ತೇವವೂ ಉಪ್ಪಿನ ಗಾಳಿಯೂ ಮೈಗೆ ಕೂರುತ್ತವೆ. ಮತ್ತೆ ಚಾರ್ಜ್ ಮಾಡುವ ಮೊದಲು ಒಣಗಿಸಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ನೋಡಬೇಕು. ನಮ್ಮಲ್ಲಿ ಎಷ್ಟು ಜನ ಮಾಡಿಸುತ್ತಾರೆ?

ಕಟ್ಟಡದ ಹೊರಗೆ, ರಸ್ತೆಯ ಮಟ್ಟಕ್ಕಿಂತ ಎತ್ತರದ ಕಟ್ಟೆಯ ಮೇಲೆ, 315 ಕೆವಿಎಯ ಆಯಿಲ್ ಟೈಪ್ ಇಡಿ. ಅದರ ಎಣ್ಣೆ 2000 ಲೀಟರಿಗಿಂತ ಎಷ್ಟೋ ಕಡಿಮೆ, ಹಾಗಾಗಿ ಆ ಮಿತಿ ದಾಟಿದವಕ್ಕೆ ಬೇಕಾಗುವ ದೊಡ್ಡ ಬೆಂಕಿತಡೆ ಗೋಡೆಯ ಗೋಜು ಇಲ್ಲ. ಆದರೂ ಎಣ್ಣೆ ಸೋರಿದರೆ ತೋಟದ ತೋಡಿಗೆ ಹೋಗದಂತೆ ಜಲ್ಲಿ ತುಂಬಿದ ಒಂದು ಗುಂಡಿ ಮಾಡಿಸಿ. ಹಣ ಸ್ವಲ್ಪ ಜಾಸ್ತಿ ಹಾಕಬಹುದಾದರೆ ಮಿನರಲ್ ಆಯಿಲ್ ಬದಲು ಈಸ್ಟರ್ ಎಣ್ಣೆಯದ್ದನ್ನು ಕೇಳಿ. ಸಸ್ಯಜನ್ಯ ಎಣ್ಣೆ ಅದು, 300 ಡಿಗ್ರಿ ದಾಟಿದರಷ್ಟೇ ಹತ್ತಿಕೊಂಡು ಉರಿಯುತ್ತದೆ. ಮದುವೆ ಹಾಲ್ ಇರುವ ಕಟ್ಟಡಕ್ಕೆ ತಮ್ಮನ ಹಣ ಡ್ರೈ ಟೈಪಿಗಿಂತ ಇಲ್ಲಿ ಸಾರ್ಥಕ. ಸುತ್ತ 1.8 ಮೀಟರಿಗೆ ಕಡಿಮೆಯಿಲ್ಲದ ಬೇಲಿ. ಐಎಸ್ 1180 ಗುರುತು, 11000/433 ವೋಲ್ಟ್, ಡಿವೈಎನ್ 11 ಎಂದು ನಾಮಫಲಕದಲ್ಲಿ ನೋಡಿಕೊಳ್ಳಿ.

11 ಕೆವಿ ಕಡೆ ಇದು ಎಳೆಯುವುದು ಬರೀ 16.5 ಆಂಪಿಯರ್. 1000 ಕೆವಿಎಗಿಂತ ಕಡಿಮೆಯಾದರೆ ಸ್ವಿಚ್ಚು ಮತ್ತು ಫ್ಯೂಸು ಇದ್ದರೂ ನಿಯಮಕ್ಕೆ ಸಾಕು, ಅಲ್ಲಿಂದ ಮೇಲಕ್ಕೆ ಬ್ರೇಕರ್ ಬೇಕು. ಎರಡು ಕಂಬ ನೆಟ್ಟು ಏಬಿ ಸ್ವಿಚ್ (ತೆರೆದ ಗಾಳಿಯಲ್ಲಿರುವ ಸ್ವಿಚ್ಚು) ತೂಗಿಸುವ ಹಳೆಯ ಪದ್ಧತಿ ಅಗ್ಗ. ಆದರೆ ಕಡಲಿನಿಂದ ಇಷ್ಟು ಹತ್ತಿರ ಅದರ ಹಿಡಿಕೆ ಮೂರು ಮಳೆಗಾಲದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಬೇಕಾದ ದಿನ ಎಳೆದರೆ ಒಂದು ಫೇಸ್ ಬಿಡುತ್ತದೆ, ಎರಡು ಬಿಡುವುದಿಲ್ಲ. ಸ್ವಿಚ್ಚುಗಳೆಲ್ಲ ಮುಚ್ಚಿದ ಪೆಟ್ಟಿಗೆಯೊಳಗಿರುವ ಆರ್‌ಎಂಯು (ರಿಂಗ್ ಮೇನ್ ಯೂನಿಟ್) ತೆಗೆದುಕೊಳ್ಳಿ. ಎಲ್‌ಟಿ ಕಡೆ ಪೂರ್ಣ ಲೋಡಿಗೆ 420 ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಇಂಪಿಡೆನ್ಸ್ 4.5 ಶೇಕಡಾ ಆದರೆ ಬಾಯಿಗೆ ಬಾಯಿ ತಾಗಿದ ಶಾರ್ಟಿನಲ್ಲಿ 9300 ಆಂಪಿಯರ್. 25 ಕೆಎಯ (25,000 ಆಂಪಿಯರ್ ತಡೆಯುವ) ಪ್ಯಾನೆಲ್ ಧಾರಾಳ. ಪ್ಯಾನೆಲಿನ ಹಿಂದೆ ಬಿಡುವ ಜಾಗ 20 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲವೇ 75ಕ್ಕಿಂತ ಹೆಚ್ಚು. ನಡುವಿನ ಅಳತೆ ಕೂಡದು. ಕೇಳುವುದಕ್ಕೆ ವಿಚಿತ್ರ, ಆದರೆ ಅರ್ಥ ಇದೆ: ಒಂದೋ ಮನುಷ್ಯ ನುಸುಳಲೇಬಾರದು, ಇಲ್ಲವೇ ನುಸುಳಿದವನು ಆರಾಮವಾಗಿ ನಿಂತು ಕೆಲಸ ಮಾಡಿ ಹಿಂದೆ ಬರುವಂತಿರಬೇಕು.

ಈಗ ನಾಲ್ಕು ಗುಂಡಿಯ ಮಾತು.

ಮಣ್ಣು ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತದೆ ಎಂಬುದನ್ನು ಓಮ್-ಮೀಟರಿನಲ್ಲಿ ಅಳೆಯುತ್ತಾರೆ. ಗದ್ದೆಯ ಮಣ್ಣು 50 ಇದ್ದೀತು, 100 ಇದ್ದೀತು. ನಮ್ಮ ಪದವಿನ (ಗುಡ್ಡದ ಮೇಲಿನ ಬಯಲು) ಮುರಕಲ್ಲು ಬೇಸಗೆಯಲ್ಲಿ 1000 ದಾಟುವುದನ್ನು ನಾನು ಎಷ್ಟೋ ಕಡೆ ಅಳೆದಿದ್ದೇನೆ. 100 ಮಿಲಿಮೀಟರ್ ವ್ಯಾಸದ, 2.75 ಮೀಟರ್ ಉದ್ದದ ಬೀಡು ಕಬ್ಬಿಣದ ಪೈಪನ್ನು 100 ಓಮ್-ಮೀಟರ್ ಮಣ್ಣಿನಲ್ಲಿ ಹೂತರೆ 27 ಓಮ್ ಬರುತ್ತದೆ. ಅದೇ ಪೈಪನ್ನು 1000ದ ಮುರಕಲ್ಲಿನಲ್ಲಿ ಹೂತರೆ 270. ನಾಲ್ಕು ಹೂತರೆ ಕಾಲುಭಾಗ 68 ಆಗಬೇಕು, ಹತ್ತಿರ ಹತ್ತಿರ ಹೂತರೆ ಒಂದರ ಜಾಗವನ್ನು ಒಂದು ತಿನ್ನುವುದರಿಂದ ಅಷ್ಟಕ್ಕೂ ಇಳಿಯುವುದಿಲ್ಲ. ಪೈಪಿನ ಉದ್ದದ ಎರಡು ಪಟ್ಟಾದರೂ ಅಂತರ ಇರಬೇಕು ಎನ್ನುವುದು ಇದಕ್ಕೇ. ನಾಲ್ಕು ಗುಂಡಿ ಎನ್ನುವುದು ಬೇರೆ ಯಾವುದೋ ಊರಿನ ಒಳ್ಳೆಯ ಮಣ್ಣಿಗೆ ಬರೆದ ರೇಖಾಚಿತ್ರದಿಂದ ನಕಲಾಗಿ ಬಂದ ಸಂಖ್ಯೆ. ನಿಯಮ ಕೇಳುವುದು ನ್ಯೂಟ್ರಲಿಗೆ ಎರಡು ಪ್ರತ್ಯೇಕ ಅರ್ತ್ ಸಂಪರ್ಕ, ಟ್ರಾನ್ಸ್‌ಫಾರ್ಮರಿನ ಮೈಗೆ ಎರಡು. ಗುಂಡಿ ಎಷ್ಟು ಬೇಕೆಂದು ತೀರ್ಮಾನಿಸುವುದು ಮಣ್ಣು.

ಮಣ್ಣಿನ ಪರೀಕ್ಷೆ ಅರ್ಧ ದಿನದ ಕೆಲಸ. ನಾಲ್ಕು ಕಬ್ಬಿಣದ ಸರಳುಗಳನ್ನು ಒಂದೇ ಗೆರೆಯಲ್ಲಿ ಎರಡೆರಡು ಮೀಟರ್ ಅಂತರಕ್ಕೆ ನೆಟ್ಟು ಮೀಟರ್ ಜೋಡಿಸಿದಾಗ 80 ಓಮ್ ಬಂತು ಅನ್ನಿ, ಅದನ್ನು ಅಂತರದಿಂದಲೂ 6.28ರಿಂದಲೂ ಗುಣಿಸಿದರೆ 1005 ಓಮ್-ಮೀಟರ್. ಅಂತರ ಹೆಚ್ಚಿಸುತ್ತಾ ಹೋದರೆ ಆಳದ ಮಣ್ಣಿನ ಗುಣವೂ ತಿಳಿಯುತ್ತದೆ. ಇದನ್ನು ಏಪ್ರಿಲ್‌ನಲ್ಲಿ ಮಾಡಿಸಿ, ಜುಲೈಯಲ್ಲಿ ಅಲ್ಲ. ಒಂದು ಪದವಿನ ಮೇಲಿನ ಹಾಲ್‌ಗೆ ನಾನೇ ಜುಲೈಯಲ್ಲಿ ಅಳೆದು ಎರಡು ಓಮ್ ಎಂದು ಸಹಿ ಹಾಕಿದ್ದೆ. ಮುಂದಿನ ಏಪ್ರಿಲ್‌ನಲ್ಲಿ ಅದೇ ಗುಂಡಿಗಳು ಹತ್ತೊಂಬತ್ತು ತೋರಿಸಿದವು. ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಮಳೆಯನ್ನು ಅಳೆದಿದ್ದೆ.

ಮುರಕಲ್ಲಿನ ಕೆಳಗೆ ಏನಿದೆ ಎಂದು ಬಾವಿ ತೋಡುವವರನ್ನು ಕೇಳಿ. ಗಟ್ಟಿ ಕಲ್ಲಿನ ಪದರ ದಾಟಿದ ಮೇಲೆ ಸಿಗುವ ಶೇಡಿ ಮಣ್ಣು ಬೇಸಗೆಯಲ್ಲೂ ತೇವ ಹಿಡಿದಿರುತ್ತದೆ. ಮೇಲಿನ ಪದರದಲ್ಲಿ ಇಪ್ಪತ್ತು ಪೈಪ್ ಹೂಳುವುದಕ್ಕಿಂತ ಬೋರ್‌ವೆಲ್ ಗಾಡಿಯಿಂದ ಎರಡೋ ಮೂರೋ ತೂತು ಇಳಿಸಿ, ಶೇಡಿಯ ಒಳಗೆ ಹತ್ತು ಮೀಟರ್ ಸರಳು ನಿಲ್ಲುವಂತೆ ಮಾಡಿ, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿ) ಕಲಸಿ ತುಂಬಿದರೆ ಫಲ ಹೆಚ್ಚು. ಅಲ್ಲಿಯ ಮಣ್ಣು 100 ಓಮ್-ಮೀಟರ್ ಇದ್ದರೆ ಅಂಥ ಒಂದೇ ಸರಳು ಹತ್ತು ಓಮ್‌ನ ಆಸುಪಾಸಿಗೆ ಬರುತ್ತದೆ, ಮೂರು ಸೇರಿದರೆ ನಾಲ್ಕರ ಹತ್ತಿರ. ಕುಡಿಯುವ ನೀರಿನ ಬೋರಿಗೆ ಮಾತ್ರ ಇಳಿಸಬೇಡಿ. ಉಪ್ಪು ಇದ್ದಿಲು ತುಂಬುವ ಅಜ್ಜನ ಕಾಲದ ಪದ್ಧತಿ ನಮ್ಮ ಮಳೆಗೆ ಒಗ್ಗುವುದಿಲ್ಲ. ಉಪ್ಪು ತೊಳೆದುಹೋಗುತ್ತದೆ, ಹೋಗುವ ಮೊದಲು ಜಿಐ ಪಟ್ಟಿಯನ್ನು ತಿಂದು ಹೋಗುತ್ತದೆ.

ಫೌಂಡೇಶನ್ ಇನ್ನೂ ಹಾಕಿಲ್ಲ ಎಂದಿರಲ್ಲ, ಅದಕ್ಕೇ ಖುಷಿಪಟ್ಟದ್ದು. ಕಟ್ಟಡದ ಸುತ್ತ, ಟ್ರಾನ್ಸ್‌ಫಾರ್ಮರ್ ಕಟ್ಟೆಯನ್ನೂ ಸುತ್ತಿಕೊಂಡು, ಬೇಲಿಯಿಂದ ಒಂದು ಮೀಟರ್ ಹೊರಗೆ, 50×6 ಮಿಲಿಮೀಟರಿನ ಜಿಐ ಪಟ್ಟಿಯ ಒಂದು ಉಂಗುರ ಹೂಳಿಸಿ. ಗುಂಡಿಗಳನ್ನೂ ಬೋರಿನ ಸರಳುಗಳನ್ನೂ ಅದಕ್ಕೆ ವೆಲ್ಡ್ ಮಾಡಿಸಿ. ಫುಟಿಂಗ್‌ನ ಕಬ್ಬಿಣವನ್ನೂ ನಾಲ್ಕಾರು ಕಡೆ ಅದಕ್ಕೇ ಸೇರಿಸಿ. ಮಣ್ಣಿನೊಳಗಿನ ಕಾಂಕ್ರೀಟ್ ತೇವ ಎಳೆದುಕೊಂಡು ಕೂರುತ್ತದೆ, ಬೇಸಗೆಯ ಮುರಕಲ್ಲಿಗಿಂತ ಅದೇ ಒಳ್ಳೆಯ ಅರ್ತ್. ಈಗ ಮಾಡಿದರೆ ಪಟ್ಟಿಯ ಬೆಲೆ ಮತ್ತು ವೆಲ್ಡರನ ಎರಡು ದಿನದ ಕೂಲಿ. ಇಂಟರ್‌ಲಾಕ್ ಹಾಸಿದ ಮೇಲೆ ಮಾಡಿಸುವ ಖರ್ಚನ್ನು ನೀವೇ ಊಹಿಸಿ.

ಇಷ್ಟೆಲ್ಲ ಮಾಡಿ ಓಮ್ ಇಳಿಸುವುದು ಯಾಕೆ ಎಂಬಲ್ಲಿ ಕಾಂಟ್ರಾಕ್ಟರುಗಳೂ ತಪ್ಪು ತಿಳಿದಿರುತ್ತಾರೆ. ಈಗ ನಿಮ್ಮ ಮನೆಯಲ್ಲಿ ಇರುವ ಎಲ್‌ಟಿ ಸಂಪರ್ಕ ನೋಡಿ. ಗ್ರೈಂಡರಿನ ಮೈಗೆ ಫೇಸ್ ತಾಗಿದರೆ ಕರೆಂಟ್ ನಿಮ್ಮ ಗುಂಡಿಗೆ ಇಳಿದು, ಮಣ್ಣಿನೊಳಗೆ ಹೋಗಿ, ರಸ್ತೆ ಬದಿಯ ಟ್ರಾನ್ಸ್‌ಫಾರ್ಮರಿನ ಗುಂಡಿಯಿಂದ ಮೇಲೇಳಬೇಕು. ನಿಮ್ಮದು 20 ಓಮ್, ಅದರದ್ದು 10 ಆದರೆ 230 ವೋಲ್ಟಿಗೆ ಹರಿಯುವುದು ಸುಮಾರು 7.7 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅಲುಗಾಡುವುದಿಲ್ಲ. ಅದಕ್ಕೇ ಅಲ್ಲಿ ಇಎಲ್‌ಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್ಚು) ಪ್ರಾಣ ಕಾಯುವ ಸಾಮಾನು. ಸ್ವಂತ ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ಕತೆಯೇ ಬೇರೆ. ಅರ್ತ್ ತಂತಿ ನೇರವಾಗಿ ನಿಮ್ಮದೇ ನ್ಯೂಟ್ರಲಿಗೆ ಹೋಗಿ ಸೇರುತ್ತದೆ, ಮಣ್ಣಿನ ಮಧ್ಯಸ್ಥಿಕೆಯೇ ಇಲ್ಲ. ಆ ದಾರಿಯ ಒಟ್ಟು ಅಡ್ಡಿ 0.1 ಓಮ್ ಇದ್ದರೆ 2300 ಆಂಪಿಯರ್ ಹರಿದು ಬ್ರೇಕರ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀಳುತ್ತದೆ. ಎಂದರೆ ಅಂಗಡಿಯೊಳಗಿನ ದೋಷಕ್ಕೆ ಗುಂಡಿಯ ಓಮ್‌ಗಿಂತ ಅರ್ತ್ ತಂತಿಯ ದಪ್ಪವೂ ಜೋಡಣೆಯ ಬಿಗಿತವೂ ಮುಖ್ಯ. ಗುಂಡಿ ಎಷ್ಟು ಚೆನ್ನಾಗಿದ್ದರೂ ಮೂರನೇ ಮಹಡಿಯಲ್ಲಿ ತಂತಿಯ ತುದಿಯ ಒಂದು ಲಗ್ ಸಡಿಲವಾಗಿದ್ದರೆ ಎಲ್ಲವೂ ವ್ಯರ್ಥ. ಹಾಗೆಂದು ಇಎಲ್‌ಸಿಬಿ ಬಿಡಬೇಡಿ, ಒದ್ದೆ ಕೈಗೆ ಅದೇ ಗತಿ.

ಮಣ್ಣಿನ ಓಮ್ ಬೇಕಾಗುವುದು 11 ಕೆವಿಯ ದೋಷಕ್ಕೆ ಮತ್ತು ಸಿಡಿಲಿಗೆ. ಕೆಎಸ್‌ಇಬಿ ಸಬ್‌ಸ್ಟೇಷನ್ನಿನ 11 ಕೆವಿ ನ್ಯೂಟ್ರಲ್ ನೆಲಕ್ಕೆ ಕಟ್ಟಿರುತ್ತದೆ. ನಿಮ್ಮ ಎಚ್‌ಟಿ ಕೇಬಲ್ಲಿನ ತುದಿ ಸಿಡಿದು ಟ್ರಾನ್ಸ್‌ಫಾರ್ಮರಿನ ಮೈಗೆ ತಾಗಿತು ಅನ್ನಿ. ಫೇಸಿನಿಂದ ನೆಲಕ್ಕೆ 6350 ವೋಲ್ಟ್. ನಿಮ್ಮ ಅರ್ತ್ 5 ಓಮ್, ಅವರದ್ದು 1 ಎಂದಿಟ್ಟುಕೊಂಡರೆ ಸಾವಿರ ಆಂಪಿಯರ್ ಹರಿಯುತ್ತದೆ, ಅಲ್ಲಿಯ ರಿಲೇ ಲೈನನ್ನು ಬೀಳಿಸುವವರೆಗೆ ನಿಮ್ಮ ಇಡೀ ಅರ್ತ್ 5300 ವೋಲ್ಟಿಗೆ ಏರಿ ನಿಲ್ಲುತ್ತದೆ. 1 ಓಮ್‌ಗೆ ಇಳಿಸಿದರೂ 3 ಸಾವಿರ ದಾಟುತ್ತದೆ. ಹಾಗಾದರೆ ಕಾಯುವುದು ಯಾವುದು? ಉಂಗುರ. ಅಳಿವೆಯಲ್ಲಿ ನೀರು ಏರಿದಾಗ ಕಟ್ಟಿದ ದೋಣಿಗಳೆಲ್ಲ ಒಟ್ಟಿಗೆ ಏಳುವಂತೆ, ಕಟ್ಟಡದ ಕಬ್ಬಿಣ, ನೀರಿನ ಪೈಪು, ಲಿಫ್ಟಿನ ಹಳಿ, ಗೇಟು, ಬೇಲಿ ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡಿದ್ದರೆ ಒಟ್ಟಿಗೆ ಏರುತ್ತವೆ, ನಡುವೆ ನಿಂತವನಿಗೆ ವ್ಯತ್ಯಾಸವೇ ತಾಗುವುದಿಲ್ಲ. ಅಪಾಯ ಇರುವುದು ಅಂಚಿನಲ್ಲಿ, ಒಂದು ಕಾಲು ಹೊರಗಿಟ್ಟು ಗೇಟು ಹಿಡಿದವನಿಗೆ. ಉಂಗುರ ಬೇಲಿಯ ಹೊರಗೆ ಬರಬೇಕು ಎಂದದ್ದು ಇದಕ್ಕೆ, ಟ್ರಾನ್ಸ್‌ಫಾರ್ಮರ್ ಸುತ್ತ ಜಲ್ಲಿ ಹಾಸಬೇಕಾದದ್ದೂ ಇದಕ್ಕೆ. ಇದೇ ಕಾರಣಕ್ಕೆ ತೋಟದ ಪಂಪಿನ ಕೊಟ್ಟಿಗೆಗೆ ಈ ಕಟ್ಟಡದಿಂದ ಕರೆಂಟ್ ಎಳೆದರೆ ಇಲ್ಲಿಯ ಅರ್ತ್ ತಂತಿಯನ್ನು ಅಲ್ಲಿಗೆ ಒಯ್ಯಬೇಡಿ. ಕಟ್ಟಡದ 5000 ವೋಲ್ಟನ್ನು ಬರಿಗಾಲಲ್ಲಿ ಕೆಸರಿನಲ್ಲಿ ನಿಂತವನ ಕೈಗೆ ಕೊಟ್ಟಂತಾಗುತ್ತದೆ. ಅಲ್ಲಿಗೆ ಅಲ್ಲಿಯದೇ ಗುಂಡಿ, ಅಲ್ಲಿಯದೇ ಇಎಲ್‌ಸಿಬಿ.

ಸಿಡಿಲಿನ ವಿಷಯ ಚುಟುಕಾಗಿ. ನಮ್ಮಲ್ಲಿ ಅದರ ಹಾವಳಿ ಮಳೆಗಾಲದ ನಡುವೆ ಅಲ್ಲ, ಏಪ್ರಿಲ್–ಮೇ ತಿಂಗಳಿನಲ್ಲಿ ಮತ್ತು ಅಕ್ಟೋಬರ್–ನವೆಂಬರಿನ ಸಂಜೆಗಳಲ್ಲಿ. ನೋಡಿ, ಏಪ್ರಿಲ್‌ನದ್ದು ನೆಲ ಒಣಗಿರುವ ಹೊತ್ತಿಗೇ ಬರುತ್ತದೆ. 9 ಕೆವಿಯ ಅರೆಸ್ಟರುಗಳು (ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವವು) ಟ್ರಾನ್ಸ್‌ಫಾರ್ಮರಿನ ಬುಶಿಂಗಿಗೆ ಆದಷ್ಟು ಹತ್ತಿರ ಇರಲಿ, ಅವುಗಳ ಅರ್ತ್ ತಂತಿ ಸುತ್ತಿ ಬಳಸದೆ ನೇರ ಕೆಳಗಿಳಿಯಲಿ. ಒಂದೊಂದು ಮೀಟರ್ ತಂತಿಯೂ ಸಿಡಿಲಿನ ವೇಗಕ್ಕೆ ಸಾವಿರಗಟ್ಟಲೆ ವೋಲ್ಟ್ ಸೇರಿಸುತ್ತದೆ. ಎಲ್‌ಟಿ ಪ್ಯಾನೆಲಿನಲ್ಲೂ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಇಲ್ಲದಿದ್ದರೆ ಲ್ಯಾಬ್‌ನವರು ಮೊದಲ ತುಲಾ ತಿಂಗಳಲ್ಲೇ ನಿಮ್ಮ ಬಾಗಿಲು ತಟ್ಟುತ್ತಾರೆ.

ರೇಖಾಚಿತ್ರಕ್ಕೆ ಇನ್‌ಸ್ಪೆಕ್ಟರೇಟಿನ ಒಪ್ಪಿಗೆ ಸಿಗುವ ಮೊದಲು ಯಾವ ಸಾಮಾನಿಗೂ ಮುಂಗಡ ಕೊಡಬೇಡಿ. ಕೆಲಸ ಮುಗಿದ ಮೇಲೆ ಅವರೇ ಬಂದು ನೋಡಿ ಚಾರ್ಜ್ ಮಾಡಲು ಅನುಮತಿ ಕೊಡಬೇಕು. ಅಪಾಯದ ಫಲಕದ ಮೇಲೆ ತಲೆಬುರುಡೆಯ ಗುರುತಿನೊಂದಿಗೆ ಹಿಂದಿ ಅಥವಾ ಇಂಗ್ಲಿಷ್ ಮತ್ತು ಜಿಲ್ಲೆಯ ಭಾಷೆ ಇರಬೇಕು ಎಂದು ನಿಯಮ. ಕಾರ್ಖಾನೆಯಿಂದ ಬರುವುದರಲ್ಲಿ ಮಲಯಾಳಂ ಇದ್ದರೆ ಪುಣ್ಯ. ಕನ್ನಡದಲ್ಲಿ ಇನ್ನೊಂದು ಬರೆಸಿ ಪಕ್ಕದಲ್ಲಿ ತೂಗುಹಾಕಿ. ಸಪ್ತಭಾಷೆಯ ಊರಲ್ಲಿ ಎಲ್ಲರೂ ಒಂದೇ ಲಿಪಿ ಓದುವುದಿಲ್ಲ. ಹೊರಗಿನಿಂದ ಬಂದ ಕೆಲಸದವರಿಗೆ ಹಿಂದಿಯೂ ಇರಲಿ, ಫಲಕದ ಬೆಲೆ ಎಷ್ಟೆಂದು?

ಇನ್ನು ತಂದೆಯವರ ಚಿಂತೆ. 11 ಕೆವಿ ಲೈನ್ ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ದೂರ ಇರಬೇಕು ಎಂದು ನಿಯಮ ಹೇಳುತ್ತದೆ. ಆದರೆ ಅಡಿಕೆ ಕೊಯ್ಯುವವನ ಕೈಯಲ್ಲಿರುವ ಅಲ್ಯೂಮಿನಿಯಂ ದೋಟಿಗೆ ಆ ಅಳತೆ ತಿಳಿಯದು. ಕಾರ್ಬನ್ ಫೈಬರಿನದ್ದಾದರೆ ಅಪಾಯ ಇಲ್ಲ ಎಂದು ಕೆಲವರು ನಂಬಿದ್ದಾರೆ. ಶುದ್ಧ ತಪ್ಪು, ಕಾರ್ಬನ್ ಕೂಡ ಕರೆಂಟ್ ಹರಿಸುತ್ತದೆ. ನಿಮಗೆ ಈಗ ಹೇಗೂ 11 ಕೆವಿ ಕೇಬಲ್ ಎಳೆಯುವುದಿದೆ. ಅದೇ ಅರ್ಜಿಯ ಜೊತೆಗೆ ತೋಟದ ಮೇಲಿನ ಆ ಎರಡು ಮೂರು ಕಂಬಗಳ ಲೈನನ್ನೂ ನೆಲದಡಿಗೆ ಇಳಿಸಿಕೊಡಲು, ಇಲ್ಲವೇ ರಸ್ತೆ ಬದಿಗೆ ಸರಿಸಲು ಸೆಕ್ಷನ್ ಆಫೀಸಿನಲ್ಲಿ ಎಸ್ಟಿಮೇಟ್ ಕೇಳಿ. ಹಣ ನಿಮ್ಮ ಕೈಯಿಂದಲೇ ಹೋಗುತ್ತದೆ. ಕೇಬಲ್ 90 ಸೆಂಟಿಮೀಟರ್ ಆಳದಲ್ಲಿ, ಮರಳಿನ ಹಾಸಿನ ಮೇಲೆ, ಮೇಲೆ ಕಲ್ಲು ಅಥವಾ ಟೈಲ್ ಮುಚ್ಚಿ, ಅದರ ಮೇಲೆ ಎಚ್ಚರಿಕೆಯ ಪಟ್ಟಿ ಹಾಕಿ ಹೋಗಲಿ. ಹೋದ ದಾರಿಗೆ ಗುರುತುಕಲ್ಲು ನೆಡಿಸಿ, ಮುಂದೊಂದು ದಿನ ಅಡಿಕೆ ಸಸಿಗೆ ಗುಂಡಿ ತೆಗೆಯುವವನ ಹಾರೆ ಅದಕ್ಕೆ ತಾಗಬಾರದು. ಅದೆಲ್ಲ ಆಗುವವರೆಗೆ ಈ ಸಲದ ಕೊಯ್ಲಿಗೆ ಲೈನಿನ ಕೆಳಗಿನ ಎರಡು ಸಾಲು ಮರಗಳಿಗೆ ದೋಟಿ ಎತ್ತಬೇಡಿ ಎಂದು ಕೆಲಸದವರಿಗೆ ತಂದೆಯವರೇ ನಿಂತು ಹೇಳಲಿ. ಅಷ್ಟೂ ಅಡಿಕೆ ಉದುರಿದ ಮೇಲೆ ಹೆಕ್ಕಿಕೊಂಡರಾಯಿತು.